ವಿದ್ಯುತ್ ವಾಹನಗಳ ಚಾರ್ಜಿಂಗ್: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಹಕರಿಗೆ ಮಾಹಿತಿ

ಪೀಠಿಕೆ

ವಿದ್ಯುತ್ತಿನಿಂದ ಚಲಿಸುವ ವಾಹನಗಳು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದಿತು. 2017ರಲ್ಲಿ ರಾಜ್ಯ ಸರ್ಕಾರವು ವಿದ್ಯುತ್ ವಾಹನ ಮತ್ತು ಇಂಧನ ಶೇಖರಣಾ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇಂತಹ ನೀತಿಯನ್ನು ರೂಪಿಸಿದ ಪ್ರಥಮ ರಾಜ್ಯ ಕರ್ನಾಟಕವಾಗಿದೆ. ಈ ವಾಹನಗಳು ಈಗ ಪಟ್ಟಣ ಹಾಗೂ ಗ್ರಾಮಗಳ ಮನೆಗಳನ್ನೂ ತಲುಪಿದ್ದು, ಅವುಗಳನ್ನು ಚಾರ್ಜ್ ಮಾಡುವ ಸಂಬಂಧ ಗ್ರಾಹಕರು ತಿಳಿದಿರಬೇಕಾದ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ವಿದ್ಯುತ್ ಜಾಲದ ಮೇಲೆ ಬೀಳುವ ಭಾರ

ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಅಧಿಕ ಒತ್ತಡದ ಮಾರ್ಗಗಳ ಮೂಲಕ ವಿದ್ಯುತ್ತನ್ನು ಸಾಗಿಸುತ್ತದೆ. ಮೈಸೂರು–ನಂಜನಗೂಡು ರಸ್ತೆಯ ಕಡಕೊಳದಲ್ಲಿರುವ 220 ಕೆ.ವಿ. ಕೇಂದ್ರವು ಈ ಪ್ರಸರಣ ಜಾಲಕ್ಕೆ ಸೇರಿದ್ದಾಗಿದೆ. ಅಲ್ಲಿಂದ ಮುಂದೆ 11 ಕೆ.ವಿ. ಫೀಡರ್‌ಗಳು ಮತ್ತು ವಿತರಣಾ ಪರಿವರ್ತಕಗಳ ಮೂಲಕ ಮನೆಗಳಿಗೆ ವಿದ್ಯುತ್ ಪೂರೈಸುವ ಹೊಣೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಮತ್ತು ಕೊಡಗು ಜಿಲ್ಲೆಗಳು ಈ ನಿಗಮದ ವ್ಯಾಪ್ತಿಯಲ್ಲಿವೆ.

ವಿದ್ಯುತ್ ವಾಹನಗಳಿಂದ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ಉಂಟಾಗುವುದೆಂಬ ಆತಂಕ ಕೆಲವರಲ್ಲಿದೆ. ರಾಜ್ಯದ ಬೇಡಿಕೆಯ ಗರಿಷ್ಠ ಪ್ರಮಾಣವು 2025ರ ಬೇಸಿಗೆಯಲ್ಲಿ 18,000 ಮೆಗಾವಾಟ್ ದಾಟಿತ್ತು. ಇದರ ಮುಂದೆ ಒಂದು ಕಾರಿನ ಬಳಕೆ ಅತ್ಯಲ್ಪ. ಆದರೆ ಅದೇ ಕಾರು ಬೀದಿಯ ಪರಿವರ್ತಕದ ಮೇಲೆ ಹಾಕುವ ಭಾರ ಅಲ್ಪವಲ್ಲ. ತೊಂದರೆಯು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಉದಾಹರಣೆ: ಮನೆಯಲ್ಲಿ ಅಳವಡಿಸುವ ಕಾರಿನ ಚಾರ್ಜರ್ ಸಾಮಾನ್ಯವಾಗಿ 3.3 ಅಥವಾ 7.2 ಕಿಲೋವಾಟ್ ಸಾಮರ್ಥ್ಯದ್ದಾಗಿರುತ್ತದೆ. ಒಂದು ಅಶ್ವಶಕ್ತಿಯು 746 ವಾಟ್‌ಗೆ ಸಮವಾದುದರಿಂದ, 7.2 ಕಿಲೋವಾಟ್ ಚಾರ್ಜರ್ ಒಂಬತ್ತು ಅಶ್ವಶಕ್ತಿಗೂ ಮಿಗಿಲಾದ ಪಂಪ್‌ಸೆಟ್‌ನಷ್ಟು ಭಾರವನ್ನು ಹಾಕುತ್ತದೆ. 63 ಕೆ.ವಿ.ಎ. ಪರಿವರ್ತಕವು ಸುಮಾರು 60 ಕಿಲೋವಾಟ್ ಭಾರವನ್ನು ಹೊರಬಲ್ಲುದು. ಆ ಪರಿವರ್ತಕಕ್ಕೆ ಸೇರಿದ ಮನೆಗಳಲ್ಲಿ ಇಂತಹ ಒಂಬತ್ತು ಕಾರುಗಳು ಏಕಕಾಲದಲ್ಲಿ ಚಾರ್ಜ್ ಆದಲ್ಲಿ, ದೀಪ, ಫ್ಯಾನು ಹಾಗೂ ಮಿಕ್ಸಿಗಳಿಗೂ ಮೊದಲೇ ಅದರ ಮಿತಿ ಮೀರುತ್ತದೆ. ಇದರಿಂದ ವೋಲ್ಟೇಜ್ ಕುಸಿದು, ಫ್ಯೂಸ್ ಕಡಿದು, ಭಾರ ಮುಂದುವರಿದಲ್ಲಿ ಪರಿವರ್ತಕವೇ ಕೆಡುವ ಸಂಭವವಿರುತ್ತದೆ. ಪರಿವರ್ತಕ ಕೆಟ್ಟಾಗ ಕಾರಿನ ಮಾಲೀಕರಷ್ಟೇ ಅಲ್ಲದೆ ಇಡೀ ಬೀದಿಯವರು ಕತ್ತಲಲ್ಲಿರಬೇಕಾಗುತ್ತದೆ.

2. ಚಾರ್ಜ್ ಮಾಡಲು ಸೂಕ್ತವಾದ ಸಮಯ

ಸಂಜೆ 6ರಿಂದ ರಾತ್ರಿ 10 ಗಂಟೆಯವರೆಗೆ ಮನೆಗಳ ಬಳಕೆ ಹೆಚ್ಚಾಗಿರುತ್ತದೆ. ವಾಹನಗಳು ಮನೆಗೆ ಮರಳುವುದೂ ಇದೇ ಸಮಯಕ್ಕೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಸೇರಿದಂತೆ ರಾಜ್ಯದ ಸೌರ ಘಟಕಗಳು ಹಗಲು ಹೊತ್ತಿನಲ್ಲಿ ಮಾತ್ರ ವಿದ್ಯುತ್ ನೀಡುವುದರಿಂದ, ಸಂಜೆಯ ಬೇಡಿಕೆಯನ್ನು ಜಲ ಮತ್ತು ಶಾಖೋತ್ಪನ್ನ ಕೇಂದ್ರಗಳು ಪೂರೈಸಬೇಕಾಗುತ್ತದೆ.

ಆದುದರಿಂದ ಗ್ರಾಹಕರು ರಾತ್ರಿ 10 ಗಂಟೆಯ ನಂತರ, ಅನುಕೂಲವಿದ್ದಲ್ಲಿ ಬೆಳಿಗ್ಗೆ 10ರಿಂದ ಸಂಜೆ 4 ಗಂಟೆಯ ಒಳಗೆ, ವಾಹನವನ್ನು ಚಾರ್ಜ್ ಮಾಡುವುದು ಉತ್ತಮ. ಹೆಚ್ಚಿನ ಕಾರುಗಳಲ್ಲಿ ಚಾರ್ಜ್ ಆರಂಭವಾಗುವ ಸಮಯವನ್ನು ಮೊದಲೇ ನಿಗದಿಪಡಿಸುವ ಸೌಲಭ್ಯವಿರುತ್ತದೆ. ಗ್ರಾಮಗಳಲ್ಲಿ ನೀರಾವರಿ ಪಂಪ್‌ಸೆಟ್‌ಗಳು ಅದೇ ಪರಿವರ್ತಕದಿಂದ ನಡೆಯುತ್ತಿದ್ದಲ್ಲಿ, ಮೂರು ಫೇಸ್ ಸರಬರಾಜಿನ ಅವಧಿಯನ್ನು ತಪ್ಪಿಸುವುದು ಸೂಕ್ತ.

3. ಗೃಹಜ್ಯೋತಿ ಫಲಾನುಭವಿಗಳು ಗಮನಿಸಬೇಕಾದುದು

ಮನೆಯ ಮೀಟರಿನಿಂದ ಸ್ವಂತ ವಾಹನವನ್ನು ಚಾರ್ಜ್ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಆ ಬಳಕೆಯು ಮನೆಯ ಒಟ್ಟು ಬಳಕೆಗೆ ಸೇರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, ಅರ್ಹತಾ ಪ್ರಮಾಣಕ್ಕಿಂತ ಹೆಚ್ಚು ಬಳಸಿದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಅರ್ಹತಾ ಪ್ರಮಾಣ 130 ಯೂನಿಟ್ ಇದ್ದು, ತಿಂಗಳಿಗೆ 120 ಯೂನಿಟ್ ಬಳಸುವ ಕುಟುಂಬವೊಂದನ್ನು ಉದಾಹರಣೆಯಾಗಿ ಪರಿಗಣಿಸಬಹುದು.

(ಅ) ದಿನ ಬಿಟ್ಟು ದಿನ 3.5 ಯೂನಿಟ್‌ನಂತೆ ಸ್ಕೂಟರ್ ಚಾರ್ಜ್ ಮಾಡಿದಲ್ಲಿ ತಿಂಗಳಿಗೆ ಸುಮಾರು 52 ಯೂನಿಟ್ ಆಗುತ್ತದೆ. ಒಟ್ಟು ಬಳಕೆ 172 ಯೂನಿಟ್. ಹೆಚ್ಚುವರಿ 42 ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕಾಗುತ್ತದೆ.

(ಆ) ಯೂನಿಟ್‌ಗೆ 7 ಕಿ.ಮೀ.ನಂತೆ ತಿಂಗಳಿಗೆ 1,000 ಕಿ.ಮೀ. ಓಡುವ ಕಾರಿಗೆ ಸುಮಾರು 143 ಯೂನಿಟ್ ಬೇಕು. ಒಟ್ಟು ಬಳಕೆ 263 ಯೂನಿಟ್ ಆಗುವುದರಿಂದ ಆ ತಿಂಗಳು ಯೋಜನೆಯ ಪ್ರಯೋಜನ ದೊರೆಯುವುದಿಲ್ಲ.

ಕಾರು ಖರೀದಿಸುವ ಮೊದಲೇ ಈ ಲೆಕ್ಕವನ್ನು ಮಾಡಿಕೊಳ್ಳುವುದು ಒಳಿತು. ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆದಲ್ಲಿ ಆ ಬಳಕೆಯು ಮನೆಯ ಮೀಟರಿನಲ್ಲಿ ದಾಖಲಾಗುವುದಿಲ್ಲ. ಆದರೆ ಅದಕ್ಕೆ ಪ್ರತ್ಯೇಕ ಠೇವಣಿ ಹಾಗೂ ಶುಲ್ಕಗಳು ಅನ್ವಯವಾಗುವುದರಿಂದ ಎರಡನ್ನೂ ಹೋಲಿಸಿ ನಿರ್ಧರಿಸತಕ್ಕದ್ದು.

4. ಅರ್ಜಿ ಸಲ್ಲಿಸುವ ವಿಧಾನ

ಸ್ಕೂಟರ್‌ಗೆ ಮನೆಯ ಮಂಜೂರಾದ ವಿದ್ಯುತ್ ಭಾರವೇ ಸಾಮಾನ್ಯವಾಗಿ ಸಾಕಾಗುತ್ತದೆ. ಕಾರಿನ ಚಾರ್ಜರ್ ಅಳವಡಿಸುವವರು ವಿದ್ಯುತ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಭಾರವನ್ನು ನೋಡಿಕೊಂಡು, ಕಡಿಮೆಯಿದ್ದಲ್ಲಿ ಹೆಚ್ಚುವರಿ ಭಾರಕ್ಕೆ ಅಥವಾ ಪ್ರತ್ಯೇಕ ಸಂಪರ್ಕಕ್ಕೆ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಆರ್.ಆರ್. ಸಂಖ್ಯೆ, ಗುರುತಿನ ದಾಖಲೆ ಮತ್ತು ಸ್ವತ್ತಿನ ದಾಖಲೆಗಳು ಇರಬೇಕು. ಬಾಡಿಗೆದಾರರಾದಲ್ಲಿ ಮಾಲೀಕರ ಒಪ್ಪಿಗೆ ಪತ್ರ ಅಗತ್ಯ. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಚಾರ್ಜರ್‌ಗೆ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್ ಮತ್ತು ಸೋರಿಕೆ ಪತ್ತೆಯಾದಾಗ ವಿದ್ಯುತ್ ಕಡಿತಗೊಳಿಸುವ ಸ್ವಿಚ್ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರನ್ನು ಚಾರ್ಜ್ ಮಾಡುವುದು ಅಪಾಯಕಾರಿ.

ಕೇಂದ್ರ ಸರ್ಕಾರವು ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯಂತೆ, ಗ್ರಾಹಕರು ವಾಹನ ಚಾರ್ಜಿಂಗ್‌ಗಾಗಿ ಪ್ರತ್ಯೇಕ ಸಂಪರ್ಕ ಕೋರಬಹುದಾಗಿದೆ. ಪೂರ್ಣ ಅರ್ಜಿ ಸಲ್ಲಿಕೆಯಾದ ನಂತರ ಮಹಾನಗರಗಳನ್ನು ಹೊರತುಪಡಿಸಿದ ಪೌರಾಡಳಿತ ಪ್ರದೇಶಗಳಲ್ಲಿ 7 ದಿನ, ಗ್ರಾಮೀಣ ಪ್ರದೇಶಗಳಲ್ಲಿ 15 ದಿನಗಳ ಮಿತಿಯನ್ನು ಸದರಿ ನಿಯಮಗಳು ವಿಧಿಸಿವೆ. ಹೊಸ ಮಾರ್ಗ ಎಳೆಯಬೇಕಾದ ಅಥವಾ ಉಪಕೇಂದ್ರ ನಿರ್ಮಿಸಬೇಕಾದ ಪ್ರಕರಣಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ.

ಅರ್ಜಿ ಸಲ್ಲಿಸದೆ ಭಾರ ಹೆಚ್ಚಿಸಿಕೊಂಡಲ್ಲಿ ಪರಿವರ್ತಕದ ಮೇಲಿನ ನೈಜ ಭಾರ ಕಚೇರಿಯ ದಾಖಲೆಗೆ ಬರುವುದಿಲ್ಲ. ಪರಿವರ್ತಕದ ಸಾಮರ್ಥ್ಯ ಹೆಚ್ಚಿಸುವ ಪ್ರಸ್ತಾವನೆಗೆ ಈ ದಾಖಲೆಯೇ ಆಧಾರ. ಹೀಗಾಗಿ ಅರ್ಜಿಯು ಅರ್ಜಿದಾರರಿಗಷ್ಟೇ ಅಲ್ಲದೆ ನೆರೆಹೊರೆಯವರಿಗೂ ಪ್ರಯೋಜನಕಾರಿ.

5. ಪಂಪ್‌ಸೆಟ್ ಸಂಪರ್ಕದ ದುರ್ಬಳಕೆ

ನೀರಾವರಿ ಪಂಪ್‌ಸೆಟ್‌ಗಾಗಿ ಪಡೆದ ಸಂಪರ್ಕದಿಂದ ವಾಹನವನ್ನು ಚಾರ್ಜ್ ಮಾಡುವಂತಿಲ್ಲ. ಮಂಜೂರಾದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗಿದ್ದು, ಅನ್ವಯವಾಗುವ ದರದ ಎರಡರಷ್ಟು ಮೊತ್ತವನ್ನು ವಿಧಿಸಲು ಅವಕಾಶವಿದೆ. ಕಂಬದ ತಂತಿಗೆ ಕೊಕ್ಕೆ ಹಾಕುವುದು 135ನೇ ಕಲಮಿನಡಿ ವಿದ್ಯುತ್ ಕಳವು ಎನಿಸುತ್ತದೆ.

6. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು

ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಅಗತ್ಯವಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಇಂತಹ ಕೇಂದ್ರಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಎಲ್.ಟಿ.-6(ಸಿ) ಎಂಬ ಪ್ರತ್ಯೇಕ ದರ ವರ್ಗವನ್ನು ನಿಗದಿಪಡಿಸಿದೆ. ಆದರೆ 60 ಕಿಲೋವಾಟ್‌ನ ಒಂದೇ ತ್ವರಿತ ಚಾರ್ಜರ್ 63 ಕೆ.ವಿ.ಎ. ಪರಿವರ್ತಕದ ಪೂರ್ಣ ಸಾಮರ್ಥ್ಯವನ್ನು ಬಳಸುವುದರಿಂದ, ಹೋಟೆಲ್ ಹಾಗೂ ಪೆಟ್ರೋಲ್ ಬಂಕ್ ಮಾಲೀಕರು ಪ್ರತ್ಯೇಕ ಪರಿವರ್ತಕದ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೋಯಿಕ್ಕೋಡ್‌ನಿಂದ ಕೊಳ್ಳೇಗಾಲಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡು ಮತ್ತು ತಿ. ನರಸೀಪುರ ಎರಡನ್ನೂ ಹಾದುಹೋಗುತ್ತದೆ. ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ 2009ರಿಂದ ಇರುವುದರಿಂದ, ಕೇರಳದ ಕಡೆಗೆ ಹೋಗುವವರು ಸಂಜೆಯೇ ನಂಜನಗೂಡನ್ನು ದಾಟಬೇಕಾಗುತ್ತದೆ. ಹೆದ್ದಾರಿಯ ಬೇಡಿಕೆಯು ಮನೆಗಳ ಬೇಡಿಕೆಯೊಂದಿಗೆ ಕೂಡಿಬರುವ ಸಂಭವವಿರುವುದರಿಂದ ಸ್ಥಳದ ಆಯ್ಕೆಗೆ ಮೊದಲು ಉಪವಿಭಾಗ ಕಚೇರಿಯೊಂದಿಗೆ ಸಮಾಲೋಚಿಸುವುದು ಸೂಕ್ತ.

7. ಹೈಡ್ರೋಜನ್ ಕಾರುಗಳು

ಹೈಡ್ರೋಜನ್ ಕಾರು ಬಂದಲ್ಲಿ ವಿದ್ಯುತ್ತಿನ ಮೇಲಿನ ಭಾರ ತಪ್ಪುವುದೆಂಬ ಅಭಿಪ್ರಾಯ ಸರಿಯಲ್ಲ. ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಅದರಿಂದ ಕಾರು ಸುಮಾರು 100 ಕಿ.ಮೀ. ಓಡುತ್ತದೆ. ಅಷ್ಟೇ ದೂರಕ್ಕೆ ಬ್ಯಾಟರಿ ಕಾರಿಗೆ ಸುಮಾರು 15 ಯೂನಿಟ್ ಸಾಕು. ಆದರೆ ಬಿಸಿಲು, ಗಾಳಿ ಹೇರಳವಾಗಿರುವಾಗ ಹೈಡ್ರೋಜನ್ ತಯಾರಿಸಿ ಶೇಖರಿಸಿಟ್ಟುಕೊಳ್ಳಬಹುದೆಂಬುದು ಅದರ ಅನುಕೂಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನಕ್ಕೆ ಅನುಮೋದನೆ ನೀಡಿದೆ.

8. ದೂರುಗಳು

ವೋಲ್ಟೇಜ್ ಕುಸಿತ ಅಥವಾ ಪರಿವರ್ತಕದ ದೋಷ ಕಂಡುಬಂದಲ್ಲಿ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆಯನ್ನು ಪಡೆಯತಕ್ಕದ್ದು. ಅರ್ಜಿಯು ನಿಗದಿತ ಅವಧಿಯಲ್ಲಿ ಇತ್ಯರ್ಥವಾಗದಿದ್ದಲ್ಲಿ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ, ತದನಂತರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಸಮಾಧಾನ ದೊರೆಯದಿದ್ದಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸಬಹುದಾಗಿದೆ. ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.