ಕುಣಿತದ ಮಟ್ಟು, ಮರೆತ ಎಡಗೈ

ಬರೋಕ್ ಕಾಲದ ಕುಣಿತದ ಮಟ್ಟೊಂದನ್ನು ಹಿಡಿದು ಪಿಯಾನೊಗೆ ಹೊಸ ವೇರಿಯೇಷನ್ ಬರೆಯುವ ಹುಮ್ಮಸ್ಸು ಎಳೆಯರಲ್ಲಿದೆ. ಸಂತೋಷವೇ. ಆದರೆ ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಬಲಗೈಯ ಮಟ್ಟಿಗೆ ಒಡವೆ ತೊಡಿಸುವುದರಲ್ಲೇ ಮುಗಿದುಹೋಗುತ್ತವೆ. ವೇರಿಯೇಷನ್ ಎಂದರೆ ಸಿಂಗಾರ ಎಂಬ ತಿಳಿವಳಿಕೆ ಎಲ್ಲಿಂದ ಬಂತೋ, ಈ ಪ್ರಕಾರದ ಚರಿತ್ರೆಯಂತೂ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಫ್ರೆಸ್ಕೋಬಾಲ್ಡಿ 1615ರಲ್ಲಿ ಅಚ್ಚು ಹಾಕಿಸಿದ ಪಾರ್ಟಿಟಾಗಳಲ್ಲೇ ನಿಜವಾದ ಬಂಡವಾಳ ಕೆಳಗಿನ ಸ್ವರಗಳದ್ದು. 1689ರಲ್ಲಿ ದಾಂಗ್ಲಬೇರ್ ಹಾರ್ಪ್ಸಿಕಾರ್ಡಿಗೆ ಫೋಲಿಯಾದ ಮೇಲೆ 22 ವೇರಿಯೇಷನ್ ಬರೆದ. ಫೋಲಿಯಾದ ಕಟ್ಟು ಸರಳ. ಡಿ ಮೈನರ್‌ನಲ್ಲಿ ನುಡಿಸಿದರೆ ಮೊದಲ ಎಂಟು ಬಾರ್‌ಗಳಿಗೆ ಡಿ, ಎ, ಡಿ, ಸಿ, ಎಫ್, ಸಿ, ಡಿ, ಎ ಎಂದು ಬಾರಿಗೊಂದು ಕಾರ್ಡ್. ಉಳಿದ ಎಂಟು ಬಾರ್ ಅದೇ ಹಾದಿಯಲ್ಲಿ ಹೋಗಿ ಕೊನೆಗೆ ಡಿಗೆ ಬಂದು ನಿಲ್ಲುತ್ತದೆ. ಮೂರು ಎಣಿಕೆಯಲ್ಲಿ ಭಾರ ಎರಡನೆಯದರ ಮೇಲೆ, ಸರಬಾಂಡ್ ಕುಣಿತದಲ್ಲಿರುವಂತೆ. ಬಾಖ್ 1741ರ ಗೋಲ್ಡ್‌ಬರ್ಗ್‌ನಲ್ಲಿ ಸರಬಾಂಡ್ ನಡೆಯ ಏರಿಯಾ ಇಟ್ಟು, ಮುಂದಿನ 30 ವೇರಿಯೇಷನ್‌ಗಳನ್ನು ಕಟ್ಟಿದ್ದು ಅದರ ಮಟ್ಟಿನ ಮೇಲಲ್ಲ, 32 ಬಾರ್‌ಗಳ ಬೇಸ್ ಮೇಲೆ. ಮಗ ಎಮಾನುಯೆಲ್ 1778ರಲ್ಲಿ ಫೋಲಿಯಾಕ್ಕೆ 12 ವೇರಿಯೇಷನ್ ಬರೆದ. ಅನಂತರದ ಶತಮಾನ ಬೆರಳುಗಳ ವೇಗಕ್ಕೆ ಮಾರುಹೋಯಿತು. ಅದರ ಸುದ್ದಿ ಇಲ್ಲಿ ಬೇಡ.

ಮತ್ತೆ ಜೀವ ಬಂದದ್ದು ದ್ಯುಕಾನಿಂದ. ರಾಮೋ 1724ರ ಸಂಗ್ರಹದಲ್ಲಿ ಹಾಕಿದ್ದ ‘ಲ ಲಾರ್ದೋಂ’ ಪುಟ್ಟ ಮಿನುಯೆಟ್. ಹೊಸಬರ ಕೈಗೂ ಎಟುಕುವಂಥದ್ದು. ಅದರಿಂದ ದ್ಯುಕಾ 11 ವೇರಿಯೇಷನ್, ಒಂದು ಇಂಟರ್‌ಲ್ಯೂಡ್, ಒಂದು ಫಿನಾಲೆ ಎಬ್ಬಿಸಿದ. 1903ರಲ್ಲಿ ರಿಸ್ಲರ್ ಮೊದಲು ನುಡಿಸಿದ ಈ ಕೃತಿಗೆ ಪಿಯಾನೊ ಚರಿತ್ರೆಗಳು ಒಂದು ವಾಕ್ಯ ಕೊಟ್ಟರೆ ಹೆಚ್ಚು. ರೇಗರ್ 1914ರಲ್ಲಿ ಟೆಲೆಮನ್ನನ ಮಿನುಯೆಟ್ ಮೇಲೆ ಬರೆದದ್ದಂತೂ ಕಛೇರಿಗಳಲ್ಲಿ ಅಪರೂಪ. ಎರಡನ್ನೂ ಬಿಟ್ಟು ಎಲ್ಲರೂ ಓಡುವುದು ರಖ್ಮಾನಿನೋವನ 1931ರ ‘ಕೊರೆಲ್ಲಿ’ ವೇರಿಯೇಷನ್‌ಗಳ ಕಡೆಗೆ. ಆ ಮಟ್ಟು ಕೊರೆಲ್ಲಿಯದಲ್ಲ, ಅದೇ ಫೋಲಿಯಾ. ಕೊರೆಲ್ಲಿ 1700ರ ವಯಲಿನ್ ಸೊನಾಟಾದಲ್ಲಿ ಬಳಸಿಕೊಂಡ, ಅಷ್ಟೆ. ಇಪ್ಪತ್ತರಲ್ಲಿ ಕೆಲವನ್ನು ಸಭೆಯ ಕೆಮ್ಮು ನೋಡಿ ಬಿಟ್ಟುಬಿಡುತ್ತಿದ್ದೆ ಎಂದು ರಖ್ಮಾನಿನೋವ್ ಗೆಳೆಯ ಮೆಡ್ಟ್‌ನರ್‌ಗೆ ಬರೆದಿದ್ದ. ಹದಿಮೂರನೆಯದರ ನಂತರದ ಇಂಟರ್‌ಮೆಝೋದಲ್ಲಿ ಬೇಸ್ ಕಳಚಿಕೊಂಡು, ಡಿ-ಫ್ಲಾಟ್ ಮೇಜರ್‌ನಲ್ಲಿ ಫೋಲಿಯಾ ಮರಳುವ ಘಳಿಗೆ ಮಾತ್ರ ಯಾರಿಗೂ ಸಾಧ್ಯವಾಗಿಲ್ಲ, ಒಪ್ಪುತ್ತೇನೆ.

ನಮ್ಮ ತಲೆಮಾರಿನ ಕಿವಿ ತೆರೆಸಿದವನು ಲಿಗೆಟಿ. 1978ರಲ್ಲಿ ಹಾರ್ಪ್ಸಿಕಾರ್ಡಿಗೆ ಬರೆದ ‘ಹಂಗೇರಿಯನ್ ರಾಕ್’ಗೆ ಆತನೇ ಷಕೋನ್ ಎಂಬ ಉಪಶೀರ್ಷಿಕೆ ಕೊಟ್ಟ. ಎಡಗೈ ಒಂಬತ್ತು ಮಾತ್ರೆಗಳನ್ನು 2+2+3+2 ಎಂದು ಹಂಚಿಕೊಂಡು ಪಟ್ಟುಬಿಡದೆ ತಿರುಗುತ್ತದೆ. (ಸಂಕೀರ್ಣ ನಡೆ ಬಲ್ಲ ನಮ್ಮವರಿಗೆ ಇದು ಕಬ್ಬಿಣದ ಕಡಲೆಯೇನಲ್ಲ.) ಅದರ ಮೇಲೆ ಬಲಗೈ ಆಗತಾನೇ ಹೊಳೆದಂತೆ ಹಾರಾಡುತ್ತದೆ. ಗುಬೈದುಲಿನಾ 1962ರಲ್ಲೇ ಪಿಯಾನೊ ಷಕೋನ್ ಬರೆದಿದ್ದಳು. ಭಾರವಾದ ಕಾರ್ಡ್‌ಗಳ ಎಂಟೇ ಬಾರ್‌ಗಳಿಂದ ಇಡೀ ಕೃತಿ. ಹಳೆಯ ಕಟ್ಟನ್ನು ಇವರಿಬ್ಬರೂ ಪೂಜಿಸಲಿಲ್ಲ, ದುಡಿಸಿಕೊಂಡರು.

ಇಷ್ಟಾದರೂ ಎರಡನೆಯ ಎಣಿಕೆಯ ಭಾರ, ಅಂದರೆ ಕುಣಿಯುವವರ ಪಾದ, ಈಚಿನ ಬರವಣಿಗೆಯಲ್ಲಿ ಸಿಗುತ್ತಿಲ್ಲ. ಪೆಡಲ್ ಒತ್ತಿದಲ್ಲಿ ಅದು ಕರಗಿಹೋಗುತ್ತದೆ. ನಮ್ಮಲ್ಲಿ ಗ್ರೇಡ್ ಪರೀಕ್ಷೆಗೆಂದು ಸರಬಾಂಡ್ ನುಡಿಸುವ ಮಕ್ಕಳಿಗೆ, ಅದೇ ಬೇಸ್ ಮೇಲೆ ನಾಲ್ಕು ಬಾರ್ ನೀವೇ ಬರೆಯಿರಿ ಎಂದು ಹೇಳುವವರೂ ಕಡಿಮೆ. ಹೊಸದಾಗಿ ಬರೆಯುವವರಲ್ಲಿ ಒಂದೇ ಕೋರಿಕೆ: ಮೊದಲು ಎಡಗೈಯ ಸಾಲನ್ನಷ್ಟೇ ಬರೆದು, ಪೆಡಲ್ ಇಲ್ಲದೆ ನುಡಿಸಿ ನೋಡಿ. ಅದು ನಿಂತರೆ ಬಲಗೈಗೆ ಕೈ ಹಾಕಿ.