ತಲೆಯೊಳಗಿನ ಪುಡಿಂಗ್

ಬೈಗುಳಕ್ಕೂ ಒಂದು ಚರಿತ್ರೆಯುಂಟು. ಅದನ್ನರಸಿ ಹೊರಟವನು ಕೆಲವು ವೇಳೆ ಅಡುಗೆಮನೆಗೇ ಹೋಗಬೇಕಾಗುತ್ತದೆ.

ಬಿ.ಬಿ.ಸಿ.ಯವರು 1963ರಲ್ಲಿ ಆರಂಭಿಸಿದ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಥಾಮಾಲೆಯ ನಾಯಕ ಅನ್ಯಲೋಕದವನು. ಕಾಲದೇಶಗಳ ಹಂಗಿಲ್ಲದೆ ಸಂಚರಿಸತಕ್ಕವನು. 2014ರಲ್ಲಿ ಪೀಟರ್ ಕಪಾಲ್ಡಿ ಆ ಪಾತ್ರ ವಹಿಸಿದಾಗ, ಈ ಮಹಾಶಯನು ಮನುಷ್ಯರನ್ನು ಜರೆಯಲು ಬಳಸಿದ ಮಾತು 'ಪುಡಿಂಗ್ ಮಿದುಳಿನವರು' ಎಂಬುದು. ನಕ್ಷತ್ರಲೋಕಗಳನ್ನೆಲ್ಲ ಸುತ್ತಿದವನ ಬಾಯಿಗೆ ಬಂದದ್ದು ಇಂಗ್ಲಿಷರ ಊಟದ ಕೊನೆಯ ಸಿಹಿ!

ಪುಡಿಂಗ್ ಮೊದಲಿನಿಂದಲೂ ಸಿಹಿಯಲ್ಲ. ಪ್ರಾಣಿಯ ಕರುಳಿನಲ್ಲಿ ರಕ್ತ, ಕೊಬ್ಬು, ಧಾನ್ಯ ತುಂಬಿ ಬೇಯಿಸಿದ್ದಕ್ಕೆ ಹಿಂದೆ ಆ ಹೆಸರಿತ್ತು. 'ಬ್ಲ್ಯಾಕ್ ಪುಡಿಂಗ್' ಇಂದಿಗೂ ಅದೇ. 17ನೆಯ ಶತಮಾನದಲ್ಲಿ ಕರುಳಿಗೆ ಬದಲು ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ರೂಢಿ ಹಬ್ಬಿತು. ಹಿಟ್ಟು, ಒಣದ್ರಾಕ್ಷಿ, ಸಕ್ಕರೆಗಳು ಒಳಗೆ ಸೇರಿದವು. ಹೆಸರು ಉಳಿಯಿತು, ರುಚಿ ಬದಲಾಯಿತು. ಅಣಕವೂ ಜೊತೆಗೇ ನಡೆದುಬಂತು. ಷೇಕ್ಸ್‌ಪಿಯರನ ಸ್ಥೂಲಕಾಯ ಫಾಲ್‌ಸ್ಟಾಫನಿಗೆ ಪುಡಿಂಗಿನ ಹೋಲಿಕೆ ತಪ್ಪಲಿಲ್ಲ. ಸಂತೆಯ ವಿದೂಷಕನಿಗೆ 'ಜ್ಯಾಕ್ ಪುಡಿಂಗ್' ಎಂದೇ ಹೆಸರಾಯಿತು. ಹೊಟ್ಟೆಗೆ ತಗುಲಿದ್ದ ಮಾತು ಬರಬರುತ್ತ ತಲೆಗೇರಿತು.

ತಲೆಗೇರಿದ ಆ ಮಾತಿನ ಪರಿಣಾಮವನ್ನು ಅಮೆರಿಕದ ಮಾರ್ಕ್ ಟ್ವೇನ್ 1894ರ 'ಪುಡನ್‌ಹೆಡ್ ವಿಲ್ಸನ್' ಕಾದಂಬರಿಯಲ್ಲಿ ತೋರಿಸಿದ್ದಾನೆ. ಹೊಸದಾಗಿ ಊರಿಗೆ ಬಂದ ತರುಣ ವಕೀಲನೊಬ್ಬ, ಬೊಗಳುವ ನಾಯಿಯಲ್ಲಿ ಅರ್ಧ ತನ್ನದಾಗಿದ್ದರೆ ಆ ಅರ್ಧವನ್ನು ಕೊಂದುಬಿಡುತ್ತಿದ್ದೆನೆಂದು ತಮಾಷೆ ಮಾಡುತ್ತಾನೆ. ಊರಿನವರಿಗೆ ಅದು ತಿಳಿಯುವುದಿಲ್ಲ. ಅವನಿಗೆ 'ಪುಡಿಂಗ್‌ತಲೆ' ಎಂದು ಹೆಸರಿಡುತ್ತಾರೆ. ಇಪ್ಪತ್ತು ವರ್ಷ ಕಳೆದರೂ ಒಂದು ಮೊಕದ್ದಮೆ ಅವನ ಬಳಿ ಬರುವುದಿಲ್ಲ. ಹವ್ಯಾಸಕ್ಕೆಂದು ಆತ ಗಾಜಿನ ಪಟ್ಟಿಗಳ ಮೇಲೆ ಜನರ ಬೆರಳಚ್ಚು ಕೂಡಿಡುತ್ತಾನೆ. ಕೊನೆಗೆ ಕೊಲೆಗಾರನನ್ನು ಹಿಡಿದುಕೊಡುವುದು ಆ ಬೆರಳಚ್ಚೇ. ಬೆರಳಚ್ಚನ್ನು ಕುರಿತ ಗಾಲ್ಟನ್ನನ ಗ್ರಂಥ ಹೊರಬಂದದ್ದು 1892ರಲ್ಲಿ. ಕಥೆ ನಡೆಯುವುದಾದರೋ ಅದಕ್ಕೆ ಸುಮಾರು ನಾಲ್ವತ್ತು ವರ್ಷ ಹಿಂದೆ. ಹೀಗಾಗಿ ಇದೂ ಒಂದು ಬಗೆಯಲ್ಲಿ ವಿಜ್ಞಾನದ ಕಲ್ಪನೆಯೇ.

ನಾವು ಕನ್ನಡಿಗರು ದಡ್ಡನ ತಲೆಯಲ್ಲಿ ಮಣ್ಣು ತುಂಬುತ್ತೇವೆ. ಸಿಟ್ಟು ಹೆಚ್ಚಿದರೆ ಸಗಣಿ. ಹೂರಣ ತುಂಬಿದ್ದನ್ನು ನಾನು ಕೇಳಿಲ್ಲ. ಮಕ್ಕಳುಮರಿ ಕೂಡಿ ನೋಡುವ ಕಥಾಮಾಲೆಗೆ ಸಿಹಿಯ ಬೈಗುಳವೇ ಒಪ್ಪುತ್ತದೆ, ನಿಜ. ಆದರೆ ಸಿಹಿಯಾದ ಮಾತ್ರಕ್ಕೆ ಬೈಗುಳ ಹಗುರವಾಗುವುದಿಲ್ಲ. ಡಾಕ್ಟರನು ಬೈದ ಮನುಷ್ಯರನ್ನು ತಾನೇ ಕಾಪಾಡುತ್ತಾನೆ. ವಿಲ್ಸನ್ನನ ಊರಿನವರು ಹೆಸರಿಟ್ಟು ಸುಮ್ಮನಾದರು. ಇಪ್ಪತ್ತು ವರ್ಷ ತೆತ್ತವನು ಅವನು. ತರಗತಿಯಲ್ಲಿ ಹುಡುಗರಿಗೆ ತಮಾಷೆಯ ಹೆಸರು ಅಂಟಿಸುವ ನಾವು ಮೇಷ್ಟರುಗಳು ಆ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.