ಓಡುವುದನ್ನು ನಿಲ್ಲಿಸಿದವರು: ಆಪ್ ಬಾಕ್ ಮತ್ತು ಜಲಾಲಾಬಾದ್

ಬಂಡುಕೋರರು ಸೈನ್ಯದ ಹೆಲಿಕಾಪ್ಟರುಗಳನ್ನು ಹೇಗೆ ಉರುಳಿಸಿದರು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗೋದು ಸ್ಟಿಂಗರ್ ಕ್ಷಿಪಣಿ. ಆದರೆ ಆಯುಧದಿಂದ ಶುರುವಾಗುವ ಚರಿತ್ರೆ ಅರ್ಧ ಚರಿತ್ರೆ ಅನ್ನೋದು ನನ್ನ ವಾದ. ನೆಲದ ಮೇಲಿದ್ದವರ ಭಯ ಹೇಗೆ ಕಳೆಯಿತು ಅನ್ನೋದನ್ನು ಮೊದಲು ಕೇಳಬೇಕು. ಇದಕ್ಕೆ ಎರಡು ಪ್ರಸಂಗಗಳನ್ನು ತೆಗೆದುಕೊಂಡಿದ್ದೇನೆ.

ಮೊದಲನೆಯದು ದಕ್ಷಿಣ ವಿಯೆಟ್ನಾಂ. 1962ರಲ್ಲಿ ಮೆಕಾಂಗ್ ಬಯಲಿನ ಗದ್ದೆಗಳ ಮೇಲೆ ಅಮೆರಿಕದ ಹೆಲಿಕಾಪ್ಟರುಗಳು ಕಾಣಿಸಿಕೊಂಡಾಗ ವಿಯೆಟ್ ಕಾಂಗ್ ಹೋರಾಟಗಾರರು ದಿಕ್ಕೆಟ್ಟು ಓಡುತ್ತಿದ್ದರು. ಓಡಿದವರು ಬಯಲಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತಿದ್ದರು, ಸಾಯುತ್ತಿದ್ದರು. ಅಂದರೆ ಆ ಯಂತ್ರದ ಅರ್ಧ ಶಕ್ತಿ ಇದ್ದದ್ದು ಅದು ಹುಟ್ಟಿಸುವ ಗಾಬರಿಯಲ್ಲಿ.

1963ರ ಜನವರಿ 2ರಂದು ಆಪ್ ಬಾಕ್ ಹಳ್ಳಿಯಲ್ಲಿ ಸುಮಾರು 350 ಮಂದಿ ಓಡಲಿಲ್ಲ. ಗದ್ದೆಯಂಚಿನ ಮರಗಳ ಸಾಲಿನಲ್ಲಿ ಗುಂಡಿ ತೋಡಿ ಕೂತು, ಹೆಲಿಕಾಪ್ಟರುಗಳು ಇಳಿಯುವ ತನಕ ಕಾದರು. ಅವರ ಹತ್ತಿರ ಕ್ಷಿಪಣಿ ಇರಲಿಲ್ಲ. ಇದ್ದದ್ದು ಬಂದೂಕು, ಮಷೀನ್ ಗನ್. ಅವುಗಳಲ್ಲೂ ಎಷ್ಟೋ ಶತ್ರುವಿನಿಂದಲೇ ಕಸಿದುಕೊಂಡವು. ಬಂದ 15 ಹೆಲಿಕಾಪ್ಟರುಗಳಲ್ಲಿ 14ಕ್ಕೆ ಗುಂಡು ತಗುಲಿತು, ಐದು ನಾಶವಾದವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. 'ಹಾರುವ ಬಾಳೆಹಣ್ಣು' ಅಂತ ಕರೆಸಿಕೊಳ್ಳುತ್ತಿದ್ದ ಸಿಎಚ್-21 ಒಂದು ಮೇಲೇಳಲಾಗದೆ ಗದ್ದೆಯಲ್ಲೇ ಉಳಿಯಿತು. ಅದರ ಸಿಬ್ಬಂದಿಯನ್ನು ಕಾಪಾಡಲು ಬಂದ ಇನ್ನೊಂದೂ ಅಲ್ಲೇ ಸಿಕ್ಕಿಕೊಂಡಿತು. ಅವರಿಗಾಗಿ ಬಂದ ಹ್ಯೂಯಿಯೂ ಬಿತ್ತು. ಮೊದಲನೆಯದನ್ನು ಕೆಡವಿದ್ದು ಗುಂಡು ಅನ್ನಿ. ಮಿಕ್ಕ ಎರಡನ್ನು ಆ ಜಾಗಕ್ಕೆ ಎಳೆದು ತಂದದ್ದು ಜೊತೆಗಾರರನ್ನು ಬಿಟ್ಟುಹೋಗಬಾರದು ಎಂಬ ಕರ್ತವ್ಯ.

ಇರುಳಲ್ಲಿ ಬಂಡುಕೋರರು ಜಾಗ ಖಾಲಿ ಮಾಡಿದರು. ಮರುದಿನ ಖಾಲಿ ಹಳ್ಳಿಯನ್ನು ತೋರಿಸಿ ಅಮೆರಿಕದ ಜನರಲ್ ಹಾರ್ಕಿನ್ಸ್ ಇದು ಗೆಲುವು ಅಂದರು. ಯುದ್ಧವನ್ನು ಕಣ್ಣಾರೆ ಕಂಡಿದ್ದ ಸೇನಾ ಸಲಹೆಗಾರ ಜಾನ್ ಪಾಲ್ ವಾನ್ ಪತ್ರಕರ್ತರಿಗೆ ಹೇಳಿದ್ದು ಸೋಲಿನ ಕಥೆ. ಪಾಠ ಮಾತ್ರ ಯಾರ ತಲೆಗೂ ಹೋಗಲಿಲ್ಲ. ಹೆಲಿಕಾಪ್ಟರುಗಳು ಹೆಚ್ಚುತ್ತಲೇ ಹೋದವು. ಯುದ್ಧ ಮುಗಿಯುವ ಹೊತ್ತಿಗೆ, ಅಪಘಾತಗಳೂ ಸೇರಿ, ಅಮೆರಿಕ ಕಳಕೊಂಡದ್ದು ಸುಮಾರು 5,000 ಹೆಲಿಕಾಪ್ಟರ್.

ಎರಡನೆಯದು ಅಫ್ಘಾನಿಸ್ತಾನ. ಸ್ಟಿಂಗರ್ ಬರೋದಕ್ಕೆ ಮುಂಚೆಯೇ ಮುಜಾಹಿದೀನರು ಬೆಟ್ಟದ ಮೇಲೆ ಭಾರೀ ಮಷೀನ್ ಗನ್ ಇಟ್ಟು, ಕೆಳಗೆ ಕಣಿವೆಯಲ್ಲಿ ಹಾರುವ ಹೆಲಿಕಾಪ್ಟರುಗಳಿಗೆ ಮೇಲಿನಿಂದ ಗುಂಡು ಹಾರಿಸುತ್ತಿದ್ದರು. 1986ರ ಸೆಪ್ಟೆಂಬರ್ 25ರಂದು ಜಲಾಲಾಬಾದ್ ವಿಮಾನ ನಿಲ್ದಾಣದ ಹತ್ತಿರ ಮೊದಲ ಸಲ ಸ್ಟಿಂಗರ್‌ನಿಂದ ಸೋವಿಯತ್ ಹೆಲಿಕಾಪ್ಟರುಗಳನ್ನು ಉರುಳಿಸಿದರು. ಸೋವಿಯತ್ತರು ಸುಮ್ಮನೆ ಕೂರಲಿಲ್ಲ. ಕ್ಷಿಪಣಿಯ ದಿಕ್ಕು ತಪ್ಪಿಸುವ ಉರಿಬತ್ತಿಗಳನ್ನು ಬಳಸಿದರು, ರಾತ್ರಿ ಹಾರಾಟ ಹೆಚ್ಚಿಸಿದರು. ಹಾಗಾಗಿ ಸ್ಟಿಂಗರ್‌ನ ಪ್ರಭಾವವನ್ನು ಬರೀ ಬಿದ್ದ ಯಂತ್ರಗಳ ಲೆಕ್ಕದಲ್ಲಿ ಹುಡುಕಿದರೆ ಸಾಲದು. ಪೈಲಟ್ ಎಷ್ಟು ದೂರ ಸರಿದ ಅನ್ನೋದನ್ನೂ ನೋಡಬೇಕು. ಇಲ್ಲಿ ಭಯ ನೆಲದಿಂದ ಆಕಾಶಕ್ಕೆ ದಾಟಿತ್ತು.

ಹಾಗಂತ ಸೋವಿಯತ್ತರನ್ನು ಓಡಿಸಿದ್ದು ಸ್ಟಿಂಗರ್ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಗೋರ್ಬಚೇವ್ ಈ ಯುದ್ಧವನ್ನು ರಕ್ತ ಸೋರುವ ಗಾಯ ಅಂತ ಪಕ್ಷದ ಮಹಾಧಿವೇಶನದಲ್ಲಿ ಕರೆದದ್ದು 1986ರ ಫೆಬ್ರವರಿಯಲ್ಲಿ, ಅಂದರೆ ಜಲಾಲಾಬಾದ್ ಘಟನೆಗೆ ಏಳು ತಿಂಗಳು ಮೊದಲು. ಕ್ಷಿಪಣಿಗೆ ಪೂರ್ತಿ ಶ್ರೇಯ ಕೊಟ್ಟರೆ ಲಾಭ ಕ್ಷಿಪಣಿ ಕಳಿಸಿದವರಿಗೆ. ಅದಿಲ್ಲದೇ ಆರೇಳು ವರ್ಷ ಹೋರಾಡಿದವರು, ಬಾಂಬಿಗೆ ಮನೆ ಕಳಕೊಂಡು ಪೇಶಾವರದ ಶಿಬಿರ ಸೇರಿದ ರೈತರು ಕಥೆಯಿಂದಲೇ ಮಾಯವಾಗುತ್ತಾರೆ.

ಆಪ್ ಬಾಕ್‌ನಲ್ಲೂ ಅಷ್ಟೇ. ಐದು ಹೆಲಿಕಾಪ್ಟರುಗಳ ಲೆಕ್ಕ ಎಲ್ಲ ಕಡೆ ಸಿಗುತ್ತೆ. ಅವತ್ತು ಸತ್ತ ಅಮೆರಿಕನ್ನರು ಮೂವರು, ವಿಯೆಟ್ ಕಾಂಗ್‌ನವರು 18, ಸರ್ಕಾರಿ ಸೈನಿಕರು ಸುಮಾರು 80. ಹೆಲಿಕಾಪ್ಟರಿನಿಂದ ಇಳಿದು ಕೆಸರಲ್ಲಿ ಮಲಗಿದ ಆ ಸೈನಿಕರೂ ವಿಯೆಟ್ನಾಮಿನವರೇ, ಎಷ್ಟೋ ಮಂದಿ ಅಂಥದ್ದೇ ಗದ್ದೆಗಳಲ್ಲಿ ಬೆಳೆದ ಮಕ್ಕಳು. ಯಂತ್ರದ ಚರಿತ್ರೆ ಬರೆಯುವಾಗ ಈ ಲೆಕ್ಕ ಅಡಿಟಿಪ್ಪಣಿಗೆ ಸರಿಯಬಾರದು. ಇಲ್ಲಿಗೆ ನಿಲ್ಲಿಸ್ತೇನೆ, ಒಪ್ಪದವರು ಮೊದಲು ಮಾತಾಡಿ.